ಗಾಳಿಯಿಂದ ತಿರುಗುವ ಉಜ್ಜುಯಂತ್ರ: ಗಳೇವು ಹಸನು ಮಾಡುವಾಗ ವಹಿಸಬೇಕಾದ ಎಚ್ಚರಿಕೆ

ತೊಗರಿ, ಕಡಲೆ, ಜೋಳದ ರಾಶಿ ಮುಗಿದು ಯುಗಾದಿ ಕಳೆದ ಮೇಲೆ ನಮ್ಮ ಭಾಗದ ಒಕ್ಕಲಿಗರಿಗೆ ಎರಡು ತಿಂಗಳು ಹೊಲದ ಕೆಲಸ ಕಡಿಮೆ. ಆದರೆ ಗಳೇವಿನ ಕೆಲಸ ಆಗಲೇ ಹೆಚ್ಚು. ಕೂರಿಗೆ, ಕುಂಟೆ, ಕಲ್ಟಿವೇಟರ್, ರೋಟಾವೇಟರ್, ಟ್ರ್ಯಾಕ್ಟರಿನ ಟ್ರಾಲಿ, ರಾಶಿ ಯಂತ್ರ ಇವೆಲ್ಲ ರಿಪೇರಿಗೆ ಹೊರಡುವುದು ಈ ಬಿಸಿಲಿನಲ್ಲಿಯೇ. ಕಾರಹುಣ್ಣಿಮೆಯೊಳಗೆ ತುಕ್ಕು ತೆಗೆದು, ಬಣ್ಣ ಬಳಿದು, ಮೃಗಶಿರಾ ಮಳೆಗೆ ಸಿದ್ಧವಾಗಿರಬೇಕೆಂಬುದು ಎಲ್ಲರ ಆಸೆ.

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯ ಮೇಲಿರುವ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಇಂಥ ಊರುಗಳ ರಸ್ತೆ ಬದಿಯ ಗ್ಯಾರೇಜುಗಳಲ್ಲಿ, ಬಡಗಿಯ ಅಂಗಡಿಗಳಲ್ಲಿ ಈಗ ಕಂಪ್ರೆಸರ್ ಇಲ್ಲದ ಜಾಗ ಕಡಿಮೆ. ಮೊದಲು ಚಕ್ರಕ್ಕೆ ಗಾಳಿ ತುಂಬಲು ಬಂದ ಯಂತ್ರ, ಆಮೇಲೆ ಬಣ್ಣ ಸಿಂಪಡಿಸಲು ಉಪಯೋಗವಾಯಿತು. ಈಗ ಅದೇ ಗಾಳಿಯಿಂದ ತಿರುಗುವ ಉಜ್ಜುಯಂತ್ರವೂ ಬಂದಿದೆ. ಎಮರಿ ಕಾಗದ ಹಿಡಿದು ಇಬ್ಬರು ಆಳುಗಳು ಇಡೀ ದಿನ ಉಜ್ಜುತ್ತಿದ್ದ ಟ್ರಾಲಿಯ ಹಲಗೆಯನ್ನು ಇದು ಕೆಲವೇ ಗಂಟೆಗಳಲ್ಲಿ ಹಸನು ಮಾಡುತ್ತದೆ. ಕೆಲವು ರೈತರು ಮನೆಯ ಅಂಗಳದಲ್ಲಿಯೇ ಸಣ್ಣ ಕಂಪ್ರೆಸರ್ ಇಟ್ಟುಕೊಂಡು ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳುತ್ತಾರೆ. ಇದು ಸಂತೋಷದ ವಿಷಯವೇ. ಆದರೆ ಗ್ಯಾರೇಜಿನಲ್ಲಿ ನಡೆಯುತ್ತಿದ್ದ ಕೆಲಸ ದನದ ಕೊಟ್ಟಿಗೆಯ ಪಕ್ಕಕ್ಕೆ, ಮಕ್ಕಳಾಡುವ ಅಂಗಳಕ್ಕೆ ಬಂದಾಗ ಅದರ ಅಪಾಯವೂ ಜೊತೆಗೇ ಬರುತ್ತದೆ. ಅದನ್ನು ಕುರಿತು ರೈತ ಬಾಂಧವರಿಗೆ ನಾಲ್ಕು ಮಾತು ತಿಳಿಸುವುದು ಈ ಲೇಖನದ ಉದ್ದೇಶ.

ಯಂತ್ರ ಹೇಗೆ ಕೆಲಸ ಮಾಡುತ್ತದೆ?

ಕಂಪ್ರೆಸರ್ ಗಾಳಿಯನ್ನು ಅದುಮಿ ಟ್ಯಾಂಕಿನಲ್ಲಿ ತುಂಬುತ್ತದೆ. ಅಲ್ಲಿಂದ ರಬ್ಬರ್ ಪೈಪಿನ ಮೂಲಕ ಬಂದ ಗಾಳಿ, ಉಜ್ಜುಯಂತ್ರದೊಳಗಿನ ಸಣ್ಣ ರೆಕ್ಕೆಗಳನ್ನು ತಳ್ಳಿ ಅಡಿಯಲ್ಲಿರುವ ದುಂಡು ಮೆತ್ತೆಯನ್ನು ತಿರುಗಿಸುತ್ತದೆ. ಮೆತ್ತೆಗೆ ಎಮರಿ ಕಾಗದದ ಬಿಲ್ಲೆ ಅಂಟಿಸಿರುತ್ತಾರೆ. ಬಣ್ಣದ ಕೆಲಸಕ್ಕೆ ಬಳಸುವ ಯಂತ್ರದ ಮೆತ್ತೆ ತಿರುಗುವುದರ ಜೊತೆಗೆ ಆಚೀಚೆ ಅಲುಗಾಡುತ್ತಲೂ ಇರುತ್ತದೆ. ಭಾರವಿಲ್ಲದಾಗ ಇದರ ವೇಗ ನಿಮಿಷಕ್ಕೆ ಸುಮಾರು 10,000ದಿಂದ 12,000 ಸುತ್ತು.

ಇಂಥ ಯಂತ್ರಗಳನ್ನು ಸಾಮಾನ್ಯವಾಗಿ 90 ಪೌಂಡು ಒತ್ತಡಕ್ಕೆ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 6.3 ಕಿಲೋ ಒತ್ತಡಕ್ಕೆ ತಯಾರಿಸಿರುತ್ತಾರೆ. ಒತ್ತಡದಷ್ಟೇ ಮುಖ್ಯವಾದದ್ದು ಗಾಳಿಯ ಪ್ರಮಾಣ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಎಡೆಬಿಡದೆ ಓಡಲು ಇದಕ್ಕೆ ನಿಮಿಷಕ್ಕೆ 10ರಿಂದ 12 ಘನ ಅಡಿ ಗಾಳಿ ಬೇಕಾಗಬಹುದು. ಒಂದು ಅಶ್ವಶಕ್ತಿಯ ಮೋಟರು ಆ ಒತ್ತಡದಲ್ಲಿ ಹೆಚ್ಚೆಂದರೆ 4 ಘನ ಅಡಿ ಕೊಟ್ಟೀತು. ಹಾಗಾದರೆ 2 ಅಶ್ವಶಕ್ತಿಯ ಕಂಪ್ರೆಸರಿನಿಂದ ಏನಾಗುತ್ತದೆ? ನಾಲ್ಕು ನಿಮಿಷ ಚೆನ್ನಾಗಿ ಓಡಿ ಟ್ಯಾಂಕು ಬರಿದಾಗುತ್ತದೆ, ಬಿಲ್ಲೆ ನಿಧಾನವಾಗುತ್ತದೆ. ಕೆಲಸಗಾರ ಸಿಟ್ಟಿನಿಂದ ಯಂತ್ರವನ್ನು ಒತ್ತಿ ಹಿಡಿಯುತ್ತಾನೆ. ಇಲ್ಲವೆ ಒತ್ತಡದ ತಿರುಪನ್ನು ಮೇಲಕ್ಕೆ ತಿರುಗಿಸುತ್ತಾನೆ. ಟ್ಯಾಂಕು ತುಂಬಿದಾಗ ಅದೇ ಯಂತ್ರ ಮಿತಿಮೀರಿದ ವೇಗದಲ್ಲಿ ತಿರುಗಿ ಬಿಲ್ಲೆ ಹರಿದು ಮುಖಕ್ಕೆ ಹಾರುತ್ತದೆ. ಸಣ್ಣ ಕಂಪ್ರೆಸರ್ ಇದ್ದವರು ಐದು ನಿಮಿಷ ಉಜ್ಜಿ, ಟ್ಯಾಂಕು ತುಂಬುವವರೆಗೆ ಸುಮ್ಮನೆ ಕೂರುವುದನ್ನು ಕಲಿಯಬೇಕು. ಎತ್ತಿಗೂ ಬಿಡುವು ಕೊಡುವ ನಾವು ಯಂತ್ರಕ್ಕೆ ಕೊಡಲಾರೆವೆ?

ಯಂತ್ರದ ಸ್ವಂತ ಭಾರವೇ ಉಜ್ಜಲು ಸಾಕು. ಕೈ ದಾರಿ ತೋರಿಸಬೇಕು, ಅಷ್ಟೆ.

ವಿದ್ಯುತ್ತಿನ ಉಜ್ಜುಯಂತ್ರಕ್ಕಿಂತ ಇದರಲ್ಲಿ ಒಂದು ದೊಡ್ಡ ಗುಣವಿದೆ. ಕೈಯಲ್ಲಿ ಹಿಡಿದ ಭಾಗದಲ್ಲಿ ಕರೆಂಟು ಇರುವುದಿಲ್ಲವಾದ್ದರಿಂದ ನೀರು ಹಾಕಿ ಉಜ್ಜಲು ಅನುಕೂಲ. ಈ ಗುಣವನ್ನು ನಾವು ಬಳಸಿಕೊಳ್ಳುತ್ತಿಲ್ಲವೆಂಬುದೇ ವಿಷಾದ. ಮುಂದೆ ಅದನ್ನು ಹೇಳುತ್ತೇನೆ.

ಧೂಳು: ಕಾಣುವುದಕ್ಕಿಂತ ಕಾಣದ್ದೇ ಕೆಟ್ಟದ್ದು

ಗ್ಯಾರೇಜೊಂದರಲ್ಲಿ ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಉಜ್ಜುತ್ತಿದ್ದ ಹುಡುಗನೊಬ್ಬ ನನ್ನನ್ನು ಕೇಳಿದ: “ಸಾಹೇಬ್ರ, ಬಾಯಿಗಿ ಅರಿವಿ ಕಟ್ಟೀನಲ್ರೀ, ಇನ್ನೇನ್ ಮಾಡ್ತದ ಧೂಳ?” ಪಕ್ಕದಲ್ಲಿದ್ದ ವಯಸ್ಸಾದ ಮೇಸ್ತ್ರಿ ನನಗಿಂತ ಮೊದಲೇ ಉತ್ತರ ಕೊಟ್ಟರು: “ತಮ್ಮಾ, ಒಂದು ಬಿಳಿ ಅರಿವಿ ಹಸಿ ಮಾಡಿ ಮೂಗಿನೊಳಗ ವರಸಿ ನೋಡು.” ಹುಡುಗ ಹಾಗೆಯೇ ಮಾಡಿದ. ಬಟ್ಟೆ ಟ್ರಾಲಿಯ ಬಣ್ಣಕ್ಕೇ ತಿರುಗಿತು. ಮೇಸ್ತ್ರಿಗಳ ಈ ಪರೀಕ್ಷೆಗಿಂತ ಒಳ್ಳೆಯದನ್ನು ನಾನು ಹೇಳಲಾರೆ. ಅವರು ಹೇಳದೆ ಬಿಟ್ಟ ಮಾತು ಒಂದಿದೆ. ಮೂಗಿನಲ್ಲಿ ಕಂಡದ್ದು ದಪ್ಪ ಧೂಳು. ಅದು ಅಲ್ಲಿಯೇ ನಿಂತಿತು. ಅದಕ್ಕಿಂತ ಸಣ್ಣದು ಆಗಲೇ ಒಳಗೆ ಹೋಗಿರುತ್ತದೆ.

ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ನೂರರಲ್ಲಿ ಏಳು ಪಾಲು. ಶ್ವಾಸಕೋಶದ ತುದಿಯವರೆಗೆ ಇಳಿಯುವ ಧೂಳು 5 ಮೈಕ್ರಾನಿಗಿಂತಲೂ ಸಣ್ಣದು. ಟವೆಲ್ಲಿನ ನೂಲುಗಳ ನಡುವಿನ ಸಂದು ಇದಕ್ಕೆ ಊರ ಅಗಸಿಯಿದ್ದಂತೆ. ಕೈಯಿಂದ ಉಜ್ಜುವಾಗ ಧೂಳು ಬಹುಪಾಲು ಕೆಳಗೆ ಬೀಳುತ್ತದೆ. ಯಂತ್ರದ ವೇಗಕ್ಕೆ ಅದು ಸಣ್ಣಗಾಗಿ ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತದೆ. ಯಂತ್ರದಿಂದ ಹೊರಬರುವ ಗಾಳಿ ನೆಲದ ಧೂಳನ್ನೂ ಎಬ್ಬಿಸುತ್ತದೆ. ಕೆಲಸ ನಿಲ್ಲಿಸಿ ಮುಖವಾಡ ತೆಗೆದು ಚಹಾ ಕುಡಿಯಲು ಅಲ್ಲಿಯೇ ಕುಳಿತವನು ಮತ್ತೆ ಅದನ್ನೇ ಉಸಿರಾಡುತ್ತಾನೆ.

ಯಾವ ವಸ್ತುವನ್ನು ಉಜ್ಜುತ್ತೇವೆ ಎಂಬುದರ ಮೇಲೆ ಧೂಳಿನ ಗುಣ ನಿಂತಿದೆ. ಬರೀ ಕಬ್ಬಿಣದ ತುಕ್ಕು ಕಿರಿಕಿರಿ ಮಾಡುತ್ತದೆ. ಆದರೆ ಉಳಿದವುಗಳಷ್ಟು ಕೆಟ್ಟದ್ದಲ್ಲ. ಮರದ ಧೂಳು ಬಡಗಿಗಳಿಗೆ ದಮ್ಮು, ಚರ್ಮದ ತುರಿಕೆ ತರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಇದನ್ನು 1995ರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿತು. ಸಾಗವಾನಿಯಿರಲಿ, ಜಾಲಿಯಿರಲಿ, ಕಡೆಗೆ ಬೇವಿರಲಿ, ಸಣ್ಣ ಹಿಟ್ಟಾದಾಗ ಮೂಗಿಗೆ ಒಳ್ಳೆಯದಲ್ಲ.

ಕಲ್ಲಿನ ಧೂಳಿನ ವಿಷಯ ಬೇರೆ. ನಮ್ಮ ಜಿಲ್ಲೆಯ ಶಹಾಬಾದ ಕಲ್ಲು ಸುಣ್ಣದ ಕಲ್ಲು; ಅದರಲ್ಲಿ ಸಿಲಿಕಾ ಅಂಶ ಗ್ರಾನೈಟಿಗಿಂತ ಕಡಿಮೆ. ಕಡಿಮೆಯೆಂದರೆ ಇಲ್ಲವೆಂದಲ್ಲ. ಹೊಸ ಮನೆಯ ಅಡುಗೆ ಕಟ್ಟೆಗೆ ಗ್ರಾನೈಟ್ ಕೂಡಿಸಿ ಅಂಚು ಉಜ್ಜುವವರು, ಉಸುಕುಗಲ್ಲು ಕಡಿಯುವವರು ಎಲ್ಲರಿಗಿಂತ ಹೆಚ್ಚಿನ ಅಪಾಯದಲ್ಲಿರುತ್ತಾರೆ. ಸಿಲಿಕಾ ಶ್ವಾಸಕೋಶದಲ್ಲಿ ಕಲೆ ಕಟ್ಟಿಸಿ ಅದನ್ನು ಗಟ್ಟಿ ಮಾಡುತ್ತದೆ. ಇದಕ್ಕೆ ಸಿಲಿಕೋಸಿಸ್ ಎನ್ನುತ್ತಾರೆ. ಇದನ್ನು ಹಿಂದಕ್ಕೆ ತಿರುಗಿಸುವ ಔಷಧವಿಲ್ಲ, ಮೇಲಾಗಿ ಕ್ಷಯರೋಗವೂ ಬೇಗ ಹಿಡಿಯುತ್ತದೆ. ಕಲ್ಲಿನ ಮೇಲೆ ಒಣ ಉಜ್ಜುವಿಕೆ ಬೇಡವೇ ಬೇಡ. ನೀರು ಹರಿಯುತ್ತಿರಬೇಕು.

ಮುಖವಾಡ ಕೊಳ್ಳುವಾಗ ಅದರ ಮೇಲೆ ಐ.ಎಸ್. 9473 ಎಂಬ ಗುರುತು ಮತ್ತು ಎಫ್‌ಎಫ್‌ಪಿ-2 ಎಂಬ ಅಕ್ಷರ ಇವೆಯೇ ನೋಡಿರಿ. ಕೊರೋನಾ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಎನ್-95 ಕೂಡ ಹೆಚ್ಚು ಕಡಿಮೆ ಇದೇ ದರ್ಜೆಯದು. ಔಷಧಿ ಅಂಗಡಿಯ ನೀಲಿ ತೆಳು ಮುಖವಾಡ ಇದಕ್ಕೆ ಬಾರದು. ಮೂಗಿನ ಮೇಲಿನ ತಂತಿಯನ್ನು ಒತ್ತಿ, ಗಲ್ಲದವರೆಗೆ ಅಂಟಿಕೊಳ್ಳುವಂತೆ ಕಟ್ಟಬೇಕು. ಗಡ್ಡ ಬಿಟ್ಟವರಿಗೆ ಅಂಚಿನಿಂದ ಧೂಳು ನುಸುಳುತ್ತದೆ. ಬಣ್ಣ ಸಿಂಪಡಿಸುವಾಗ ಏಳುವ ಥಿನ್ನರಿನ ಆವಿಯನ್ನು ಈ ಧೂಳಿನ ಮುಖವಾಡ ತಡೆಯುವುದಿಲ್ಲವೆಂಬುದನ್ನೂ ನೆನಪಿಡಬೇಕು. ಅದಕ್ಕೆ ಇದ್ದಿಲಿನ ಡಬ್ಬಿಯುಳ್ಳ ಮುಖವಾಡವೇ ಬೇರೆ ಇದೆ.

ವೈಶಾಖದ 40 ಡಿಗ್ರಿ ಮೀರಿದ ಬಿಸಿಲಿನಲ್ಲಿ ಮುಖವಾಡ ಹಾಕುವುದು ಎಷ್ಟು ಕಷ್ಟವೆಂಬುದು ನನಗೆ ಗೊತ್ತು. ಹಾಕಿಕೊಳ್ಳಿರಿ ಎಂದು ಬರೆದರೆ ಸಾಲದು. ಉಜ್ಜುವ ಕೆಲಸವನ್ನು ಬೆಳಿಗ್ಗೆ 6ರಿಂದ 10ರೊಳಗೆ ಮುಗಿಸಿ, ಮಧ್ಯಾಹ್ನ ನೆರಳಿನಲ್ಲಿ ಬೋಲ್ಟು, ಬೇರಿಂಗಿನ ಕೆಲಸ ಇಟ್ಟುಕೊಳ್ಳುವುದು ಕಾರ್ಯಸಾಧ್ಯ.

ಹಳೆಯ ಬಣ್ಣ, ಸೀಸ ಮತ್ತು ನಮ್ಮ ದನಕರುಗಳು

ಈ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಸಮಯವಿದ್ದವರು ಇದನ್ನು ಓದಿರಿ.

ಹಳೆಯ ಎಣ್ಣೆ ಬಣ್ಣಗಳಲ್ಲಿ, ಅದರಲ್ಲಿಯೂ ಹೊಳೆಯುವ ಹಳದಿ, ಕಿತ್ತಳೆ, ಕೆಂಪು, ಹಸಿರು ಬಣ್ಣಗಳಲ್ಲಿ ಸೀಸದ ಸಂಯುಕ್ತಗಳನ್ನು ಸೇರಿಸುತ್ತಿದ್ದರು. ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲೆಂದು ಬಳಿಯುತ್ತಿದ್ದ ಕೆಂಪು ಸೀಸವೂ ಅದೇ ಜಾತಿಯದು. ಇಂದು ಅಂಗಡಿಯಲ್ಲಿ ಸಿಗುವ ರೆಡ್ ಆಕ್ಸೈಡ್ ಪ್ರೈಮರಿನ ಕೆಂಪು ಕಬ್ಬಿಣದ ಆಕ್ಸೈಡಿನಿಂದ ಬಂದದ್ದು. ಎರಡರ ಬಣ್ಣ ಹತ್ತಿರವಿರುವುದರಿಂದ ಹಳೆಯ ಯಂತ್ರದ ಮೇಲೆ ಯಾವುದಿದೆಯೆಂದು ಕಣ್ಣಿನಿಂದ ಹೇಳಲಾಗದು. ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಅದು 2017ರ ನವೆಂಬರಿನಿಂದ ಜಾರಿಗೆ ಬಂತು. ಯಂತ್ರಗಳಿಗೆ ಬಳಿಯುವ ಕೈಗಾರಿಕಾ ಬಣ್ಣಗಳು ಈ ನಿಯಮದ ಹೆಸರಿನಲ್ಲಿಯೇ ಬರುವುದಿಲ್ಲ. ಆದುದರಿಂದ ಹಳೆಯ ಟ್ರಾಲಿ, ಹಳೆಯ ರಾಶಿ ಯಂತ್ರ, ತಾತನ ಕಾಲದ ಬಾಗಿಲು ಇವುಗಳ ಬಣ್ಣದಲ್ಲಿ ಸೀಸವಿದೆಯೆಂದೇ ತಿಳಿದು ನಡೆಯುವುದು ಜಾಣತನ.

ಗಟ್ಟಿಯಾಗಿ ಅಂಟಿಕೊಂಡಿರುವವರೆಗೆ ಈ ಬಣ್ಣದಿಂದ ತೊಂದರೆ ಕಡಿಮೆ. ಉಜ್ಜಿ ಹಿಟ್ಟು ಮಾಡಿದಾಗ ಅದು ವಿಷ. ದೊಡ್ಡವರಿಗೆ ಹೊಟ್ಟೆನೋವು, ಮಲಬದ್ಧತೆ, ನಿಶ್ಶಕ್ತಿ, ರಕ್ತಹೀನತೆ ಬರುತ್ತವೆ. ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಗೆ ಅತಿ ಸ್ವಲ್ಪ ಸೀಸವೂ ಧಕ್ಕೆ ಮಾಡುತ್ತದೆ, ಆ ನಷ್ಟ ತುಂಬಿ ಬರುವುದಿಲ್ಲ. ಮಗು ಗ್ಯಾರೇಜಿಗೆ ಹೋಗಬೇಕೆಂದಿಲ್ಲ. ತಂದೆಯ ಅಂಗಿಯ ಮೇಲೆ ಧೂಳು ಮನೆಗೆ ಬರುತ್ತದೆ. ಅಂಗಿಯನ್ನು ಝಾಡಿಸಿ ಒಗೆಯುವ ತಾಯಿಯ ಮೂಗಿಗೂ ಹೋಗುತ್ತದೆ. ಬಸುರಿ ಹೆಣ್ಣುಮಕ್ಕಳು ಇಂಥ ಬಟ್ಟೆ ಮುಟ್ಟಬಾರದು. ಉಜ್ಜಿದವನು ಕೆಲಸದ ಜಾಗದಲ್ಲಿಯೇ ಬಟ್ಟೆ ಬದಲಿಸಿ, ಅದನ್ನು ನೀರಿನಲ್ಲಿ ನೆನೆಸಿ ತಾನೇ ಒಗೆದು, ಕೈ ಮುಖ ಸಾಬೂನಿನಿಂದ ತೊಳೆದು ಆಮೇಲೆ ಊಟಕ್ಕೆ ಕೂರಬೇಕು. ಕೆಲಸದ ನಡುವೆ ಬೀಡಿ, ತಂಬಾಕು, ಎಲೆ ಅಡಿಕೆ ಬಾಯಿಗೆ ಹಾಕಿದರೆ ಬೆರಳಿಗಂಟಿದ ಸೀಸವನ್ನೂ ತಿಂದಂತೆಯೇ.

ದನಗಳ ವಿಷಯ ನಮ್ಮಲ್ಲಿ ಇನ್ನೂ ಕಡಿಮೆ ಜನಕ್ಕೆ ಗೊತ್ತು. ದನಗಳಲ್ಲಿ ಸೀಸದ ವಿಷವು ಪಶುವೈದ್ಯರಿಗೆ ಹಳೆಯ ಪರಿಚಯದ ರೋಗ. ಹಳೆಯ ಬಣ್ಣದ ಚಕ್ಕೆ ಮತ್ತು ಬಿಸಾಡಿದ ಬ್ಯಾಟರಿ ಇದರ ಮುಖ್ಯ ಮೂಲಗಳು. ಕರುಗಳಿಗೆ ನೆಕ್ಕುವ ಚಟ. ಬಣ್ಣದ ಹಲಗೆ, ಬಣ್ಣದ ಗೇಟು ಯಾವುದನ್ನೂ ಬಿಡವು. ಕೊಟ್ಟಿಗೆಯ ಪಕ್ಕದಲ್ಲಿ ಟ್ರಾಲಿ ಉಜ್ಜಿದರೆ ಧೂಳು ಗೋದಲಿಯ ಕಣಿಕೆಯ ಮೇಲೆ, ನೀರಿನ ತೊಟ್ಟಿಯಲ್ಲಿ, ಹೊಟ್ಟಿನ ಬಣವೆಯ ಮೇಲೆ ಕೂರುತ್ತದೆ. ವಿಷವೇರಿದ ಕರು ಕಣ್ಣು ಕಾಣದಂತೆ ನಡೆಯುತ್ತದೆ, ಹಲ್ಲು ಕಡಿಯುತ್ತದೆ, ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ಕಿವಿ ಮುಖ ಅದುರುತ್ತವೆ, ಸೆಳವು ಬರುತ್ತದೆ. ಒಂದೆರಡು ದಿನದಲ್ಲಿ ಸತ್ತೂ ಹೋಗಬಹುದು. ದೃಷ್ಟಿಯಾಯಿತು, ಗಾಳಿ ಸೋಂಕಿತು ಎಂದು ಕಾಲಹರಣ ಮಾಡಬಾರದು. ಹುಚ್ಚುನಾಯಿ ಕಡಿದ ದನದಲ್ಲಿಯೂ ಇಂಥವೇ ಲಕ್ಷಣ ಕಾಣುವುದರಿಂದ, ಏನು ಸಿಕ್ಕಿಕೊಂಡಿದೆಯೆಂದು ನೋಡಲು ಬಾಯಿಯೊಳಗೆ ಕೈ ಹಾಕುವುದು ಜೀವಕ್ಕೇ ಅಪಾಯ. ಪಶುವೈದ್ಯರನ್ನು ಕೂಡಲೇ ಕರೆತರಬೇಕು. ಹಿಂದಿನ ವಾರ ಹತ್ತಿರದಲ್ಲಿ ಬಣ್ಣ ಉಜ್ಜಿದ್ದರೆ ಅದನ್ನು ಅವರಿಗೆ ತಪ್ಪದೆ ಹೇಳಬೇಕು. ಬೇಗ ತಿಳಿದರೆ ಚಿಕಿತ್ಸೆ ಇದೆ.

ಕೊಟ್ಟಿಗೆ, ಬಾವಿ, ಕಣ, ಮೇವಿನ ಬಣವೆಗಳಿಂದ ದೂರದಲ್ಲಿ, ಗಾಳಿ ಬೀಸುವ ದಿಕ್ಕು ನೋಡಿ ಕೆಲಸದ ಜಾಗ ಆರಿಸಬೇಕು. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಸಂಜೆ ಅದರ ಮೇಲೆ ನೀರು ಚಿಮುಕಿಸಿ ಧೂಳನ್ನು ಒಟ್ಟುಗೂಡಿಸಿ ಗಟ್ಟಿ ಚೀಲದಲ್ಲಿ ಕಟ್ಟಬೇಕು. ತಿಪ್ಪೆಗೆ ಹಾಕಿದರೆ ಗೊಬ್ಬರದೊಡನೆ ನಮ್ಮ ಹೊಲಕ್ಕೇ ಬರುತ್ತದೆ. ಸುಟ್ಟರೆ ಸೀಸ ಹೊಗೆಯಲ್ಲಿ ಏಳುತ್ತದೆ. ಎರಡೂ ಕೂಡದು.

ಕೂರಿಗೆಯ ವಿಷಯದಲ್ಲಿ ಇನ್ನೊಂದು ಮಾತು. ಬೀಜೋಪಚಾರ ಮಾಡಿದ ಬೀಜ ಹಾಕಿದ ಡಬ್ಬಿಯಲ್ಲಿ ಔಷಧದ ಪುಡಿ ಅಂಟಿರುತ್ತದೆ. ಮೊದಲು ಅದನ್ನು ನೀರಿನಿಂದ ತೊಳೆದು ಒಣಗಿಸಿ, ನಂತರವೇ ಉಜ್ಜಬೇಕು. ಗೊಬ್ಬರದ ಡಬ್ಬಿಯನ್ನೂ ಹೀಗೆಯೇ ತೊಳೆದರೆ ತುಕ್ಕು ಹತ್ತುವುದು ಕೂಡ ಕಡಿಮೆಯಾಗುತ್ತದೆ.

ಗಾಳಿ ಆಟದ ವಸ್ತುವಲ್ಲ

ದಿನದ ಕೆಲಸ ಮುಗಿದ ಮೇಲೆ ಕಂಪ್ರೆಸರಿನ ಗಾಳಿಯಿಂದ ಮೈಮೇಲಿನ ಧೂಳು ಹಾರಿಸಿಕೊಳ್ಳುವುದು ನಮ್ಮ ಗ್ಯಾರೇಜುಗಳಲ್ಲಿ ಕೈತೊಳೆದಷ್ಟೇ ರೂಢಿ. ಇದು ಬಹಳ ಕೆಟ್ಟ ರೂಢಿ. ಧೂಳು ಮತ್ತೆ ಮೂಗಿಗೆ ಬರುವುದು ಒಂದು. ಕಬ್ಬಿಣದ ಕಣ ಕಣ್ಣಿಗೆ ನಾಟುವುದು ಇನ್ನೊಂದು. ಚರ್ಮದ ಮೇಲೆ ಗಾಯವಿದ್ದರೆ ಅದರ ಮೂಲಕ ಗಾಳಿ ಮಾಂಸದೊಳಗೆ ನುಗ್ಗಿ ಬಾವು ಬರುತ್ತದೆ. ರಕ್ತದಲ್ಲಿ ಗಾಳಿಗುಳ್ಳೆ ಸೇರಿದರೆ ಜೀವವೇ ಹೋಗಬಹುದು. ಅಮೆರಿಕದ ಕಾರ್ಖಾನೆ ನಿಯಮದಲ್ಲಿ ಯಂತ್ರ, ಮೇಜು ಸ್ವಚ್ಛ ಮಾಡಲೂ 30 ಪೌಂಡಿಗಿಂತ ಕಡಿಮೆ ಒತ್ತಡವಿರಬೇಕು, ಚೂರು ಹಾರದಂತೆ ಅಡ್ಡಿಯಿರಬೇಕು ಎಂದಿದೆ. ನಮ್ಮಲ್ಲಿ 90, 100 ಪೌಂಡಿನ ಗಾಳಿಯನ್ನು ನೇರ ಎದೆಗೆ ಹಿಡಿಯುತ್ತೇವೆ. ಬಟ್ಟೆಗೆ ಬ್ರಶ್ಶು ಸಾಕು, ಒದ್ದೆ ಬಟ್ಟೆಯಿಂದ ಒರೆಸಿದರೆ ಇನ್ನೂ ಲೇಸು.

ಬರೆಯಲು ಸಂಕೋಚವಾದರೂ ಇನ್ನೊಂದನ್ನು ಬರೆಯಲೇಬೇಕು. ತಮಾಷೆಗೆಂದು ಜೊತೆಗಾರನ ಹಿಂಭಾಗಕ್ಕೆ ಗಾಳಿಯ ಪೈಪು ಹಿಡಿದು, ಕರುಳು ಒಡೆದು ಸತ್ತ ಘಟನೆಗಳು ನಮ್ಮ ದೇಶದ ಬೇರೆ ಬೇರೆ ಕಡೆಯಿಂದ ಪತ್ರಿಕೆಗಳಲ್ಲಿ ಹಲವು ಬಾರಿ ವರದಿಯಾಗಿವೆ. ಸತ್ತವರಲ್ಲಿ ಹುಡುಗರೂ ಇದ್ದಾರೆ. ಬಟ್ಟೆಯ ಮೇಲಿನಿಂದ ಹಿಡಿದರೂ, ಒಂದೇ ಕ್ಷಣ ಹಿಡಿದರೂ ಸಾಕು. ಹೊರಗೆ ಗಾಯ ಕಾಣುವುದಿಲ್ಲ, ಹೊಟ್ಟೆ ಉಬ್ಬಿ ನೋವು ಬರುತ್ತದೆ. ನಾಚಿಕೆಯಿಂದ ಮುಚ್ಚಿಡದೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಗ್ಯಾರೇಜಿಗೆ ಕೆಲಸ ಕಲಿಯಲು ಮಗನನ್ನು ಬಿಡುವ ತಂದೆ ಮೊದಲ ದಿನವೇ ಮಾಲೀಕರ ಎದುರಿಗೆ ಈ ಮಾತನ್ನು ಬಾಯಿಬಿಟ್ಟು ಆಡಬೇಕು.

ಟ್ಯಾಂಕು ಮತ್ತು ಪೈಪು

100 ಲೀಟರಿನ ಟ್ಯಾಂಕಿನಲ್ಲಿ 7 ಕಿಲೋ ಒತ್ತಡವಿದ್ದರೆ ಅದರಲ್ಲಿ ಹೊರಗಿನ ಸುಮಾರು 800 ಲೀಟರ್ ಗಾಳಿಯನ್ನು ತುರುಕಿದಂತೆ. ಅದು ಬಿಗಿದ ಸ್ಪ್ರಿಂಗು. ಗಾಳಿಯಲ್ಲಿನ ತೇವ ನೀರಾಗಿ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ತುಕ್ಕು ಒಳಗಿನಿಂದ ತಗಡನ್ನು ತಿನ್ನುತ್ತದೆ; ಹೊರಗೆ ಬಣ್ಣ ಹೊಸದರಂತೆಯೇ ಇರುತ್ತದೆ. ದಿನದ ಕೆಲಸ ಮುಗಿದ ಮೇಲೆ ಒತ್ತಡ ಇಳಿಸಿ ತಳದ ನಲ್ಲಿಯಿಂದ ನೀರು ಬಿಡಬೇಕು. ಸುರಕ್ಷಾ ಕವಾಟದ ಉಂಗುರವನ್ನು ವಾರಕ್ಕೊಮ್ಮೆ ಎಳೆದು ಗಾಳಿ ಹಾರುತ್ತದೆಯೇ ನೋಡಬೇಕು. ಅದು ಸೋರುತ್ತದೆಂದು ಬೋಲ್ಟು ಬಿಗಿದು ಮುಚ್ಚುವವರಿದ್ದಾರೆ. ಹಾಗೆ ಮಾಡಿದವರ ಅಂಗಡಿಯಲ್ಲಿ ನಾನಂತೂ ನಿಲ್ಲುವುದಿಲ್ಲ. ತೂತಾದ ಟ್ಯಾಂಕಿಗೆ ವೆಲ್ಡಿಂಗ್ ತೇಪೆಯೂ ಬೇಡ, ಹೊಸ ಟ್ಯಾಂಕೇ ಬೇಕು. ಹಳೆಯದನ್ನು ಕೊಳ್ಳುವವರು ನೀರು ತುಂಬಿಸಿ ಒತ್ತಡದ ಪರೀಕ್ಷೆ ಮಾಡಿಸಿದ್ದಾರೆಯೇ ಎಂದು ಕೇಳಿ ಕೊಳ್ಳಬೇಕು. ಪಟ್ಟಿಗೆ ಜಾಳಿಗೆಯ ಹೊದಿಕೆ ಇರಬೇಕು; ಧೋತರದ ಚುಂಗು, ಸೀರೆಯ ಸೆರಗು ಹತ್ತಿರ ಸುಳಿಯಬಾರದು. ಮೋಟರಿಗೆ ಅರ್ಥಿಂಗ್ ಇರಬೇಕೆಂಬುದು ಪಂಪಸೆಟ್ ಇರುವ ರೈತರಿಗೆ ಹೇಳಬೇಕಾದ ಮಾತಲ್ಲ.

ಪೈಪಿನ ವಿಷಯದಲ್ಲಿ ರೈತರೇ ಹೆಚ್ಚು ತಪ್ಪು ಮಾಡುತ್ತಾರೆ. ಹೊಲಕ್ಕೆ ತಂದು ಉಳಿದ ಪಿ.ವಿ.ಸಿ. ಪೈಪು ಮನೆಯಲ್ಲಿರುತ್ತದೆ, ಅದರ ಮೇಲೆ 6 ಕಿಲೋ, 10 ಕಿಲೋ ಎಂದು ಅಚ್ಚಾಗಿರುತ್ತದೆ. ಕಂಪ್ರೆಸರ್ 7 ಕಿಲೋ, ಪೈಪು 10 ಕಿಲೋ, ಸಾಕಲ್ಲ ಎಂದು ಜೋಡಿಸುತ್ತಾರೆ. ಆ ಅಂಕೆ ನೀರಿನ ಒತ್ತಡಕ್ಕೆ ಹೇಳಿದ್ದು, ಗಾಳಿಗಲ್ಲ. ನೀರಿನ ಪೈಪು ಸೀಳಿದರೆ ಒತ್ತಡ ಕೂಡಲೇ ಇಳಿದು ನೀರು ಚೆಲ್ಲುತ್ತದೆ. ಅದುಮಿದ ಗಾಳಿ ಹಿಗ್ಗುತ್ತಾ ಬಂದು ಪೈಪನ್ನು ಚೂರು ಚೂರು ಮಾಡಿ ಗಾಜಿನ ತುಂಡಿನಂತೆ ಹಾರಿಸುತ್ತದೆ. ಬಿಸಿಲಿಗೆ ಒಣಗಿದ ಪೈಪು ಮತ್ತಷ್ಟು ಪೆಡಸು. ಗಾಳಿಗೆಂದೇ ಮಾಡಿದ ರಬ್ಬರ್ ಪೈಪು ಅಥವಾ ಕಬ್ಬಿಣದ ಕೊಳವೆಯನ್ನೇ ಬಳಸಬೇಕು. ಜೋಡಣೆಗೆ ತಂತಿ ಸುತ್ತುವುದು ಸಲ್ಲದು, ಕ್ಲಿಪ್ಪು ಹಾಕಬೇಕು. ಕಳಚಿದ ಪೈಪು ಹಾವಿನಂತೆ ಬಡಿದಾಡುತ್ತದೆ. ಅದನ್ನು ಹಿಡಿಯಲು ಹೋಗದೆ ಟ್ಯಾಂಕಿನ ಬಳಿ ಓಡಿ ನಲ್ಲಿ ಮುಚ್ಚಬೇಕು.

ಕಣ್ಣು, ಕಿವಿ, ಕೈ

ಕಣ್ಣಿಗೆ ಅಂಚು ಮುಚ್ಚಿದ ಕನ್ನಡಕ ಬೇಕು. ಬಿಸಿಲಿನ ಕರಿಗನ್ನಡಕ ಇದಕ್ಕೆ ಸಾಲದು. ಕಣ ಬಿದ್ದರೆ ತಿಕ್ಕದೆ ಶುದ್ಧ ನೀರಿನಿಂದ ತೊಳೆಯಬೇಕು. ನಾಟಿಕೊಂಡ ಕಣವನ್ನು ಸೆರಗಿನ ತುದಿಯಿಂದ, ನಾಲಗೆಯಿಂದ ತೆಗೆಯುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಅವರ ಕೈಗುಣ ದೊಡ್ಡದಿರಬಹುದು, ಕಣ್ಣು ಅದಕ್ಕಿಂತ ದೊಡ್ಡದು. ನೇತ್ರ ವೈದ್ಯರಿಗೇ ತೋರಿಸಬೇಕು.

ಒಂದು ಮಾರು ದೂರದಲ್ಲಿರುವವನಿಗೆ ಕೂಗಿ ಹೇಳಬೇಕಾಗಿ ಬಂದರೆ ಆ ಸದ್ದು ಕಿವಿಗೆ ಹಾನಿಯೆಂದು ತಿಳಿಯಬೇಕು. ಕಿವಿಯಲ್ಲಿ ಇಡುವ ಸ್ಪಂಜಿನ ಬಿರಡೆ ಕಡಿಮೆ ಬೆಲೆಗೆ ಸಿಗುತ್ತದೆ. ಅರಳೆ ಸಾಲದು.

ಕೈಗೆ ಬರುವ ತೊಂದರೆ ನಿಧಾನ. ವರ್ಷಗಟ್ಟಲೆ ಅಲುಗುವ ಯಂತ್ರ ಹಿಡಿದವರ ಬೆರಳಿನ ರಕ್ತನಾಳ, ನರಗಳು ಕೆಡುತ್ತವೆ. ಬೆರಳು ಜೋಮು ಹಿಡಿಯುತ್ತದೆ, ಚಳಿಗೆ ತುದಿ ಬೆಳ್ಳಗಾಗುತ್ತದೆ. ನಮ್ಮ ಬಿಸಿಲ ನಾಡಿನಲ್ಲಿ ಇದು ಬೇಸಿಗೆಯಲ್ಲಿ ಗೊತ್ತೇ ಆಗದು. ಪುಷ್ಯಮಾಸದ ಬೆಳಗಿನಲ್ಲಿ ತಣ್ಣೀರು ಮುಟ್ಟಿದಾಗ, ಹಾಲು ಕರೆಯಲು ಕುಳಿತಾಗ, ಅಂಗಿಯ ಗುಂಡಿ ಹಾಕುವಾಗ ಕಾಣುತ್ತದೆ. ಹತ್ತಿ ಬಿಡಿಸುವ ಕೈಗೆ ಇದು ಸಣ್ಣ ನಷ್ಟವಲ್ಲ. ದಿನವೆಲ್ಲ ಒಬ್ಬನೇ ಉಜ್ಜದೆ ಕೆಲಸ ಹಂಚಿಕೊಳ್ಳಬೇಕು. ಸವೆದ ಮೆತ್ತೆ ಅಲುಗಾಟವನ್ನು ಹೆಚ್ಚಿಸುವುದರಿಂದ ಅದನ್ನು ಬದಲಿಸಬೇಕು.

1948ರ ಕಾರ್ಖಾನೆ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ಸೀಸದ ವಿಷ, ಸಿಲಿಕೋಸಿಸ್ ಎರಡೂ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳೆಂದು ಸೇರಿದ್ದವು. ಆದರೆ ಆ ಕಾಯಿದೆ ವಿದ್ಯುತ್ ಬಳಸುವಲ್ಲಿ 10 ಜನ ಕೆಲಸಗಾರರಿದ್ದರೆ ಮಾತ್ರ ಅನ್ವಯಿಸುತ್ತಿತ್ತು. ಅದರ ಜಾಗಕ್ಕೆ ಬಂದ 2020ರ ಸಂಹಿತೆಯಲ್ಲಿ ಕಾರ್ಖಾನೆ ಎನಿಸಿಕೊಳ್ಳುವ ಮಿತಿ 20ಕ್ಕೆ ಏರಿದೆ. ಮೂವರು ದುಡಿಯುವ ಗ್ಯಾರೇಜಿಗೆ, ರೈತನ ಅಂಗಳಕ್ಕೆ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ವರ್ಷಗಳಿಂದ ಈ ಕೆಲಸ ಮಾಡುತ್ತಾ ಬಿಡದ ಕೆಮ್ಮು, ಏದುಸಿರು ಇರುವವರು ಕಲಬುರಗಿಯ ಜಿಮ್ಸ್ ಆಸ್ಪತ್ರೆಯಂಥ ಕಡೆ ಎದೆಯ ಎಕ್ಸ್‌ರೇ ತೆಗೆಸಬೇಕು. ವೈದ್ಯರಿಗೆ ತಮ್ಮ ಕಸುಬು ಏನೆಂಬುದನ್ನು ತಾವಾಗಿಯೇ ಹೇಳಬೇಕು, ಅವರು ಕೇಳಲೆಂದು ಕಾಯಬಾರದು.

ಕೆಲಸದ ಕ್ರಮ

ಮೊದಲು ಯೋಚಿಸಬೇಕಾದದ್ದು ಎಷ್ಟು ಉಜ್ಜಬೇಕೆಂದು. ಕಲ್ಟಿವೇಟರಿನ ಹಲ್ಲು, ರೋಟಾವೇಟರಿನ ಬ್ಲೇಡು, ಕುಂಟೆಯ ಕುಡ ಇವು ಮಣ್ಣಿನಲ್ಲಿ ಆಡುವ ಭಾಗಗಳು. ಇವಕ್ಕೆ ಬಣ್ಣ ಬಳಿದರೆ ಮೊದಲ ಎಕರೆಯಲ್ಲಿಯೇ ಸವೆದು ಹೋಗುತ್ತದೆ. ತಂತಿ ಬ್ರಶ್ಶಿನಿಂದ ಮಣ್ಣು ತೆಗೆದು ಗ್ರೀಸು ಸವರಿಟ್ಟರೆ ಸಾಕು. ಟ್ರಾಲಿಯಲ್ಲಿಯೂ ಬಣ್ಣ ಗಟ್ಟಿಯಾಗಿರುವ ಕಡೆ ಪೂರ್ತಿ ಕಿತ್ತು ಹಾಕುವ ಅಗತ್ಯವಿಲ್ಲ. ತುಕ್ಕು ಎದ್ದ ಜಾಗ ಮಾತ್ರ ತೆಗೆದು ಉಳಿದದ್ದನ್ನು ನೀರುಕಾಗದದಿಂದ ಒರಟು ಮಾಡಿದರೆ ಹೊಸ ಬಣ್ಣ ಹಿಡಿಯುತ್ತದೆ. ಹೀಗೆ ಮಾಡಿದರೆ ಅರ್ಧ ಧೂಳು ಹುಟ್ಟುವುದೇ ಇಲ್ಲ, ಬಣ್ಣದ ಖರ್ಚೂ ಉಳಿಯುತ್ತದೆ.

ಹಳೆಯ ಬಣ್ಣ ತೆಗೆಯಲೇಬೇಕಾದರೆ ನೀರು ತಡೆಯುವ ಎಮರಿ ಬಿಲ್ಲೆ ಹಾಕಿ, ಒಬ್ಬನು ಡಬ್ಬಿಯಿಂದ ನೀರು ಚಿಮುಕಿಸುತ್ತಿರುವಾಗ ಇನ್ನೊಬ್ಬನು ಉಜ್ಜಬೇಕು. ಧೂಳು ಕೆಸರಾಗಿ ಹಾಳೆಯ ಮೇಲೆ ಇಳಿಯುತ್ತದೆ. ವಿದ್ಯುತ್ ಯಂತ್ರದಿಂದ ಹೀಗೆ ಮಾಡಿದರೆ ಜೀವಕ್ಕೆ ಅಪಾಯ. ಗಾಳಿ ಯಂತ್ರದ ಹೆಚ್ಚುಗಾರಿಕೆ ಇದೇ. ಕಂಪ್ರೆಸರನ್ನು ಮಾತ್ರ ನೀರು ತಾಕದಷ್ಟು ದೂರವಿಡಬೇಕು.

ಬಿಲ್ಲೆ ಬದಲಿಸುವ ಮೊದಲು ಟ್ಯಾಂಕಿನ ನಲ್ಲಿ ಮುಚ್ಚಿ, ಯಂತ್ರದ ಗುಂಡಿ ಒತ್ತಿ ಪೈಪಿನಲ್ಲಿ ಉಳಿದ ಗಾಳಿಯನ್ನು ಹೊರಬಿಟ್ಟು, ಪೈಪು ಕಳಚಿ, ಆಮೇಲೆ ಬಿಲ್ಲೆ ಮುಟ್ಟಬೇಕು. ಬಿಲ್ಲೆಯ ಮೇಲೆ ಬರೆದ ವೇಗ ಯಂತ್ರದ ವೇಗಕ್ಕಿಂತ ಕಡಿಮೆಯಿರಬಾರದು. ಕತ್ತರಿಸುವ ಕಲ್ಲನ್ನು ಇದಕ್ಕೆ ಸಿಕ್ಕಿಸುವ ಸಾಹಸ ಬೇಡ. ಮೆತ್ತೆಯನ್ನು ತಗಡಿನ ಮೇಲೆ ಇಟ್ಟು ಗುಂಡಿ ಒತ್ತಬೇಕು, ಪೂರ್ತಿ ನಿಂತ ಮೇಲೆ ಕೆಳಗಿಡಬೇಕು. ಉಜ್ಜುವ ಜಾಗದಲ್ಲಿ ಥಿನ್ನರ್ ಡಬ್ಬಿ ತೆರೆದಿಡಬಾರದು; ಕಬ್ಬಿಣದ ಕಿಡಿ ಒಂದೇ ಸಾಕು.

ಹಸನಾದ ಕಬ್ಬಿಣವನ್ನು ಬೆತ್ತಲೆ ಬಿಟ್ಟರೆ ರಾತ್ರಿಯ ತೇವಕ್ಕೇ ಮತ್ತೆ ತುಕ್ಕು ಮೊಳೆಯುತ್ತದೆ. ಬೆಳಿಗ್ಗೆ ಉಜ್ಜಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಒಣಗಿಸಿ, ಅದೇ ಸಂಜೆ ತಗಡು ಕೈಗೆ ಸುಡದಷ್ಟು ತಣ್ಣಗಾದ ಮೇಲೆ ಮೊದಲ ಕೈ ಪ್ರೈಮರ್ ಬಳಿಯಬೇಕು. ಬಣ್ಣದ ಡಬ್ಬಿ ಕೊಳ್ಳುವಾಗ ಸೀಸವಿಲ್ಲದ್ದೆಂದು ಬರೆದದ್ದನ್ನೇ ಕೇಳಿರಿ. ಮುಂದೆ ಹತ್ತು ವರ್ಷದ ನಂತರ ಆ ಟ್ರಾಲಿಯನ್ನು ಉಜ್ಜುವವನು ನಿಮ್ಮ ಮಗನೇ ಆಗಿರಬಹುದು.